ಲಿಸ್ಬನ್ನಿನಿಂದ ಆಯಿಗೆ

ಲಿಸ್ಬನ್,
ಜೂನ್ 14, 2026

ತೀರ್ಥರೂಪ ಅಪ್ಪನಿಗೂ ಮಾತೃಶ್ರೀ ಆಯಿಗೂ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಶುಭಾಳಿಗೆ ಆಶೀರ್ವಾದಗಳು. ಗಪ್ಪಣ್ಣನಿಗೂ ಕಮಲತ್ತೆಗೂ ನನ್ನ ನಮಸ್ಕಾರ ತಿಳಿಸುವುದು.

ಆಯಿ, ಹೆಸರಿಗೆ ಇದು ಇಬ್ಬರಿಗೂ ಬರೆದ ಪತ್ರವಾದರೂ ನಿಜವಾಗಿ ನಿನಗೆ. ನಾನು ಐಂಡ್‌ಹೋವನ್ನಿನಿಂದ ಇಲ್ಲಿಗೆ ಹೊರಡುವ ಹಿಂದಿನ ದಿನ ಅಪ್ಪನ ಪತ್ರ ಕೈಸೇರಿತು. ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬರುವಾಗ ಬಲಮಂಡಿ ಸೆಟೆದುಕೊಂಡು, ಚಿರೇಕಲ್ಲಿನ ನಾಲ್ಕನೆಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕುಳಿತಿದ್ದೆಯಂತೆ. ಶುಭಾ ಹುಡುಕಿಕೊಂಡು ಬರುವ ತನಕ ಯಾರನ್ನೂ ಕೂಗಲಿಲ್ಲವಂತೆ. ಮಂಗಳೂರಿನ ಮೂಳೆ ವೈದ್ಯರು ಎಕ್ಸ್‌ರೇ ನೋಡಿ, ಮಂಡಿಯೊಳಗಿನ ಮೆತ್ತೆ ಪೂರ್ತಿ ಸವೆದು ಎಲುಬಿಗೆ ಎಲುಬು ತಾಗುತ್ತಿದೆ, ಮಂಡಿ ಬದಲಾಯಿಸುವ ಶಸ್ತ್ರಚಿಕಿತ್ಸೆಯಾಗದೆ ಗತ್ಯಂತರವಿಲ್ಲ ಎಂದು ಹೇಳಿದರೂ, ನೀನು ‘ಶುಭಾಳ ಮದುವೆಯೊಂದು ಮುಗಿಯಲಿ’ ಎಂದು ಎದ್ದು ಬಂದೆಯೆಂದು ಅಪ್ಪ ಬರೆದಿದ್ದಾರೆ. ಫೋನಿನಲ್ಲಿ ಕಾಲಿನ ಮಾತೆತ್ತಿದರೆ ನೀನು ‘ಅಪ್ಪನ ಹತ್ತಿರ ಮಾತಾಡು’ ಎಂದು ಫೋನನ್ನು ದಾಟಿಸಿಬಿಡುತ್ತೀಯೆ. ಪತ್ರವನ್ನಾದರೆ ಹಾಗೆ ದಾಟಿಸಲಾಗದು. ಕನ್ನಡಕ ಹಾಕಿಕೊಂಡು ನೀನೇ ಪೂರ್ತಿ ಓದಬೇಕು.

ಆಯಿಗೆ ಇಷ್ಟು ಕಷ್ಟವಿರುವಾಗ ಮಗ ಊರು ನೋಡಲು ಹೋಗಿದ್ದಾನೆಂದು ಯಾರಾದರೂ ಅಂದರೆ ಬೇಸರಿಸಬೇಡ. ಕಚೇರಿಯ ಇಬ್ಬರು ಗೆಳೆಯರೊಡನೆ ಫೆಬ್ರವರಿಯಲ್ಲೇ ಟಿಕೆಟ್ ತೆಗೆದಾಗಿತ್ತು. ಬಿಟ್ಟಿದ್ದರೆ ಹಣ ಹಿಂದಕ್ಕೆ ಬರುತ್ತಿರಲಿಲ್ಲ. ಸುಮಾರು ಮೂರು ತಾಸಿನ ವಿಮಾನ. ಒಬ್ಬ ಹೆಂಗಸಿನ ಮನೆಯ ಮೇಲಂತಸ್ತಿನಲ್ಲಿ ಮೂವರೂ ಸೇರಿ ಇದ್ದೇವೆ. ಹಂಚಿಕೊಂಡ ಮೇಲೆ ಖರ್ಚು ಹೆಚ್ಚೇನೂ ಬರುವುದಿಲ್ಲ, ಸಾಲವನ್ನೂ ಮಾಡಿಲ್ಲ. ಊಟದ ಚಿಂತೆಯೂ ಬೇಡ. ಇಲ್ಲಿಯವರಿಗೆ ಉಪ್ಪು ಹಾಕಿ ಒಣಗಿಸಿದ ಮೀನೆಂದರೆ ಪ್ರಾಣ, ಯಾವ ಹೋಟೆಲಿಗೆ ಹೋದರೂ ಅದೇ. ಆದರೆ ಮಾರ್ತಿಂ ಮೊನಿಜ್ ಎಂಬ ಕಡೆ ನಮ್ಮ ದೇಶದವರ, ಬಾಂಗ್ಲಾದವರ, ನೇಪಾಳದವರ ಅಂಗಡಿಗಳು ಸಾಲಾಗಿ ಇವೆ. ಅಲ್ಲಿ ಅಕ್ಕಿ, ಬೇಳೆ, ಕೊತ್ತಂಬರಿ ಸೊಪ್ಪು ಎಲ್ಲ ಸಿಕ್ಕಿ, ಎರಡು ರಾತ್ರಿ ನಾನೇ ಅನ್ನ ಸಾರು ಮಾಡಿದೆ. 1837ರಿಂದ ನಡೆದುಬಂದ ಒಂದು ಹೆಸರಾಂತ ಅಂಗಡಿಯಲ್ಲಿ ಕೆನೆಯಂಥ ಹೂರಣ ತುಂಬಿದ ಸಣ್ಣ ಸಿಹಿತಿಂಡಿ ಕೊಳ್ಳಲು ಜನ ಉದ್ದ ಸಾಲಿನಲ್ಲಿ ನಿಲ್ಲುತ್ತಾರೆ. ಅದರಲ್ಲಿ ಮೊಟ್ಟೆಯ ಹಳದಿ ಇರುವುದರಿಂದ ನಾನು ತಿನ್ನಲಿಲ್ಲ. ಅಜ್ಜನ ಆಣೆಯಾಗಿಯೂ ತಿನ್ನಲಿಲ್ಲ.

ಮನೆಯ ಯಜಮಾನಿತಿ ಮೊದಲ ದಿನ ಬೀಗದ ಕೈ ಕೊಡುತ್ತ ‘ಶಾವ್’ ಅಂದರು. ನಮ್ಮ ‘ಚಾವಿ’ ಇಲ್ಲಿಯ ಪೋರ್ಚುಗೀಸ್ ಭಾಷೆಯಿಂದಲೇ ಬಂದದ್ದು. ತರಕಾರಿ ಅಂಗಡಿಯಲ್ಲಿ ಬಟಾಟೆಗೆ ಬಟಾಟ ಎಂದೇ, ಅನಾನಸಿಗೆ ಅನಾನಸ್ ಎಂದೇ ಫಲಕ ಹಾಕಿದ್ದರು. ಅಪ್ಪನಿಗೆ ಇದು ಖುಷಿಯ ಸಂಗತಿಯೆಂದು ಬರೆದೆ.

ಲಿಸ್ಬನ್ನಿಗೆ ಏಳು ಗುಡ್ಡಗಳ ಊರೆಂಬ ಹೆಸರಿದೆ. ನಾನಿರುವ ನೆದರ್ಲೆಂಡ್ಸ್ ಗದ್ದೆಬಯಲಿನಂತೆ ಸಪಾಟಾಗಿರುವುದರಿಂದ ಏರು ಹತ್ತುವುದನ್ನು ಕಾಲುಗಳು ಮರೆತೇಬಿಟ್ಟಿದ್ದವು. ಇಲ್ಲಿ ಯಾವ ಓಣಿ ಹಿಡಿದರೂ ಕೊನೆಗೆ ಮೆಟ್ಟಿಲುಗಳೇ. ಕಾಲುಹಾದಿಗೆ ಅಡಿಕೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಬಿಳಿ ಸುಣ್ಣದಕಲ್ಲುಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಬಡಿದು ಕೂರಿಸಿ, ಅಲೆಯ ಹಾಗೆ, ಬಳ್ಳಿಯ ಹಾಗೆ ಚಿತ್ತಾರ ಬಿಡಿಸಿದ್ದಾರೆ. ನೋಡಲು ಬಹಳ ಚೆಂದ, ಒದ್ದೆಯಾದರೆ ಮಾತ್ರ ಜಾರುತ್ತದೆ. ಊರಿನವರು ಈ ಏರುಗಳಿಗೆ ಉಪಾಯಗಳನ್ನೂ ಕಂಡುಕೊಂಡಿದ್ದಾರೆ. ಪೇಟೆಯ ತಗ್ಗಿನ ಬೀದಿಯಲ್ಲಿ ಸಾಧಾರಣ ಮನೆಯ ಬಾಗಿಲಿನಂಥ ಬಾಗಿಲೊಂದನ್ನು ಹೊಕ್ಕರೆ ಒಳಗೆ ಲಿಫ್ಟ್ ಇದೆ. ಅದರಲ್ಲಿ ಏರಿ ಹೊರಬಂದರೆ ಕೋಟೆಯ ಕಡೆಯ ಮೇಲಿನ ಬೀದಿ. ಯಾರೂ ಕಾಸು ಕೇಳುವುದಿಲ್ಲ. ಇನ್ನೊಂದು ಕಡೆ ಗುಡ್ಡದ ಮೆಟ್ಟಿಲುಗಳ ಪಕ್ಕದಲ್ಲೇ, ಬಯಲಿನಲ್ಲೇ, ತಾನಾಗಿ ಚಲಿಸುವ ಎಸ್ಕಲೇಟರ್ ಕೂರಿಸಿದ್ದಾರೆ. ಚೀಲ ಹಿಡಿದ ವಯಸ್ಸಾದವರು ಅದರ ಮೇಲೆ ಆರಾಮವಾಗಿ ನಿಂತು ಮೇಲೆ ಹೋಗುವುದನ್ನು ನೋಡಿದಾಗೆಲ್ಲ ನಮ್ಮ ತೋಟದ ಮೆಟ್ಟಿಲುಗಳು ಕಣ್ಣ ಮುಂದೆ ಬರುತ್ತಿದ್ದವು.

ಕಳೆದ ವರ್ಷ ಸೆಪ್ಟೆಂಬರ್ 3ರಂದು ಇಲ್ಲಿ ಗ್ಲೋರಿಯಾ ಎಂಬ, ಹಗ್ಗದಿಂದ ಗುಡ್ಡಕ್ಕೆ ಎಳೆಯುವ ಗಾಡಿ ಹಳಿ ತಪ್ಪಿ 16 ಜನ ತೀರಿಕೊಂಡದ್ದು ಟೀವಿಯಲ್ಲಿ ಬಂದಿತ್ತು. ನಿನಗೆ ಅದು ನೆನಪಿರುತ್ತದೆ, ಆ ದಿನವೇ ನೀನು ಫೋನು ಮಾಡಿದ್ದೆ. ಅಂಥ ಯಾವ ಗಾಡಿಯನ್ನೂ ನಾನು ಹತ್ತಿಲ್ಲ. ಹಳದಿ ಬಣ್ಣದ 28ನೆಯ ನಂಬರಿನ ಟ್ರಾಮ್‌ನಲ್ಲಿ ಮಾತ್ರ ಒಮ್ಮೆ ಕುಳಿತೆ. ಕೈ ಚಾಚಿದರೆ ಗೋಡೆ ಮುಟ್ಟುವಷ್ಟು ಇಕ್ಕಟ್ಟಾದ ಓಣಿಗಳಲ್ಲಿ ಅದು ನುಗ್ಗುತ್ತದೆ. ಜೇಬುಗಳ್ಳರು ಇರುತ್ತಾರೆಂದು ಕೇಳಿದ್ದರಿಂದ ಪಾಸ್‌ಪೋರ್ಟನ್ನು ಅಂಗಿಯ ಒಳಜೇಬಿನಲ್ಲಿಟ್ಟು ಪಿನ್ನು ಹಾಕಿಕೊಂಡಿದ್ದೆ. ಒಂದು ಕಾಸೂ ಹೋಗಲಿಲ್ಲ.

ಶುಕ್ರವಾರ ಅಲ್ಫಾಮಾ ಎಂಬ ಹಳೆಯ ಕೇರಿಯಲ್ಲಿ ಒಬ್ಬ ಮುದುಕಿಯನ್ನು ನೋಡಿದೆ. ಬಲಗೈ ಗೋಡೆಗೆ ಊರಿ, ಪ್ರತಿ ಮೆಟ್ಟಿಲಿಗೂ ಮೊದಲು ಎಡಗಾಲು, ಆಮೇಲೆ ಅದೇ ಮೆಟ್ಟಿಲಿಗೆ ಬಲಗಾಲು, ಆಮೇಲೆ ಒಂದು ಉಸಿರು. ಹೀಗೆ ಹತ್ತುವವರನ್ನು ನಾನು ಜಗತ್ತಿನಲ್ಲಿ ಎಲ್ಲಿ ಕಂಡರೂ ಗುರುತಿಸಬಲ್ಲೆ, ಆಯಿ. ಹೋಗಿ ಕೈಚೀಲ ತೆಗೆದುಕೊಂಡೆ; ಮೊದಲು ಹೆದರಿ ಬಿಗಿಯಾಗಿ ಹಿಡಿದರು, ಮತ್ತೆ ಕೊಟ್ಟರು. ಮನೆಬಾಗಿಲಲ್ಲಿ ಸಣ್ಣ ಮೇಜಿನ ಮೇಲೆ ಮಾರಾಟಕ್ಕೆಂದು ಹತ್ತಾರು ಕುಂಡಗಳಿದ್ದವು: ಚೆಂಡಿನ ಹಾಗೆ ಗುಂಡಗೆ ಬೆಳೆದ, ಎಳ್ಳಿಗಿಂತ ಸ್ವಲ್ಪ ದೊಡ್ಡ ಎಲೆಗಳ ಗಿಡ, ಮಧ್ಯೆ ಸಿಕ್ಕಿಸಿದ ಒಂದು ಕಾಗದದ ಹೂವು. ಮಂಜೆರಿಕೊ ಎನ್ನುತ್ತಾರೆ, ನಮ್ಮ ಕಾಮಕಸ್ತೂರಿಯ ಬಳಗದ್ದೇ. ನಾನು ಮೂಸಲು ಬಗ್ಗಿದೆ. ಆಕೆ ಗಾಬರಿಯಾಗಿ ನನ್ನ ಭುಜ ಹಿಡಿದು ಹಿಂದಕ್ಕೆಳೆದು, ನನ್ನ ಅಂಗೈಯನ್ನು ಗಿಡದ ನೆತ್ತಿಯ ಮೇಲೆ ಮೆಲ್ಲಗೆ ಸವರಿಸಿ, ಆ ಅಂಗೈಯನ್ನು ನನ್ನ ಮೂಗಿಗೆ ಹಿಡಿದರು. ಅದಕ್ಕೆ ಮೂಗು ತಾಗಿಸಿದರೆ ಗಿಡ ಬಾಡುತ್ತದೆಂಬ ನಂಬಿಕೆ ಇಲ್ಲಿಯವರಿಗೆ. ತುಳಸಿಗೆ ಉಗುರು ತಾಗಿಸಿ ಎಲೆ ಕೀಳಬಾರದೆಂದು ನೀನು ಶುಭಾಳಿಗೂ ನನಗೂ ಹೇಳುತ್ತಿದ್ದೆಯಲ್ಲ, ಹಾಗೆಯೇ. ಅದರ ಪರಿಮಳ ಸಂಜೆಯ ತನಕ ಕೈಯಲ್ಲಿತ್ತು.

ಆ ಗಿಡ ಸಂತ ಅಂತೋನಿಯ ಹಬ್ಬಕ್ಕಾಗಿ. ಅವರು ಹುಟ್ಟಿದ್ದು ಇದೇ ಊರಿನಲ್ಲಿ. ಜೂನ್ 12ರ ರಾತ್ರಿ ಊರಿಗೆ ಊರೇ ಬೀದಿಯಲ್ಲಿ. ಓಣಿಗಳಿಗೆಲ್ಲ ಬಣ್ಣದ ಕಾಗದದ ತೋರಣ, ಮೂಲೆ ಮೂಲೆಯಲ್ಲಿ ಕೆಂಡದ ಮೇಲೆ ಮೀನು ಸುಡುವ ಹೊಗೆ, ಮುಖ್ಯ ರಸ್ತೆಯಲ್ಲಿ ಒಂದೊಂದು ಕೇರಿಯವರೂ ತಮ್ಮದೇ ಉಡುಪು ತೊಟ್ಟು ಹಾಡುತ್ತ ಕುಣಿಯುತ್ತ ಬರುವ ಮೆರವಣಿಗೆ. ಮದುವೆ ಕೂಡಿಸುವ ಸಂತನೆಂದು ನಂಬಿರುವುದರಿಂದ ಅಂದು ನಗರಸಭೆಯೇ ಮುಂದೆ ನಿಂತು ಸಾಮೂಹಿಕ ವಿವಾಹ ನಡೆಸುತ್ತದೆ. 1958ರಲ್ಲಿ ಶುರುವಾದದ್ದು, ನಡುವೆ ಎಷ್ಟೋ ವರ್ಷ ನಿಂತು ಮತ್ತೆ ನಡೆದುಬಂದಿದೆ. ಹಳೆಯ ಕೆಥೆಡ್ರಲ್ಲಿನಿಂದ ಮದುಮಕ್ಕಳು ಹೊರಬರುವುದನ್ನು ನಾವು ಜನರ ನಡುವೆ ನಿಂತು ನೋಡಿದೆವು. ನನ್ನ ಕಣ್ಣು ಹೋದದ್ದು ಹಿಂದೆ ಬರುತ್ತಿದ್ದ ತಾಯಂದಿರ ಕಡೆಗೆ. ಆಯಿ, ಮಾಘದಲ್ಲಿ ಶುಭಾಳ ಧಾರೆಯ ಹೊತ್ತಿಗೆ ನೀನು ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ, ನೆಂಟರಿಷ್ಟರ ನಡುವೆ ಎಷ್ಟು ಸಲ ಜಗಲಿ ಇಳಿದು ಹತ್ತಬೇಕಾಗುತ್ತದೆ ಎಂದು ಲೆಕ್ಕ ಹಾಕಿದ್ದೀಯಾ? ಮದುವೆ ಇರುವುದರಿಂದಲೇ ಕಾಲಿನ ಕೆಲಸ ಮೊದಲು ಆಗಬೇಕು.

ಗುರುವಾರ ಬೆಲೇಂ ಎಂಬಲ್ಲಿ ಜೆರೋನಿಮೋಸ್ ಮಠ ನೋಡಿದೆ. 1501ರಲ್ಲಿ ಕಟ್ಟಲು ತೊಡಗಿ ಮುಗಿಸಲು ಸುಮಾರು 100 ವರ್ಷ ಹಿಡಿಯಿತಂತೆ. ಕಂಬಗಳಲ್ಲಿ, ಕಮಾನುಗಳಲ್ಲಿ ಹಡಗಿನ ಹಗ್ಗವನ್ನೂ ಗಂಟನ್ನೂ ಎಲೆಬಳ್ಳಿಗಳನ್ನೂ ಕಲ್ಲಿನಲ್ಲೇ ಕೊರೆದಿದ್ದಾರೆ. ಇದರ ಹಣದ ಬಹುಪಾಲು ಬಂದದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇಕಡಾ 5ರ ಸುಂಕದಿಂದ, ಅಂದರೆ ನಮ್ಮ ಕಡೆಯ ಕಾಳುಮೆಣಸಿನಂಥ ಸರಕುಗಳಿಂದ. ಒಳಗೆ ಬಾಗಿಲ ಬಳಿಯಲ್ಲೇ ವಾಸ್ಕೋ ಡ ಗಾಮನ ಗೋರಿ. ಮೇಲೆ ಕೈಮುಗಿದು ಮಲಗಿದ ಕಲ್ಲಿನ ಮೂರ್ತಿ. 1498ರಲ್ಲಿ ಹಿಂದಿರುಗುವಾಗ ಕಾರವಾರದ ಹತ್ತಿರದ ಅಂಜುದೀವಿಯಲ್ಲಿ ತಂಗಿದ್ದವನು, 1524ರಲ್ಲಿ ಕೊಚ್ಚಿಯಲ್ಲಿ ಸತ್ತವನು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದರೆಂದು ಅಪ್ಪ ಹೇಳಿದ್ದು ಅಲ್ಲಿ ನೆನಪಾಯಿತು. ಆಕೆಯ ಹೆಸರು ಮಾತ್ರ ನನಗೆ ಅಲ್ಲೆಲ್ಲೂ ಕಾಣಲಿಲ್ಲ. ಗೆಳೆಯರು ಫೋಟೋ ತೆಗೆಯುತ್ತಿದ್ದರು. ನಾನು ಆ ಕಂಬಗಳ ನಡುವೆ ನಿಂತು, ಅಂಗಳದ ಚಪ್ಪರದ ಕಂಬ ಹಿಡಿದುಕೊಂಡು ಮೆಣಸಿನ ಗೊಂಚಲುಗಳನ್ನು ಕಾಲಿನಿಂದ ತುಳಿದು ಕಾಳು ಬಿಡಿಸುತ್ತಿದ್ದ ನಿನ್ನನ್ನೇ ನೆನೆಯುತ್ತಿದ್ದೆ. ಈ ವರ್ಷವೂ ಆಳು ಸಿಗಲಿಲ್ಲವೆಂದು ಆ ಮಂಡಿಯಲ್ಲೇ ಎರಡು ದಿನ ತುಳಿದೆಯಂತೆ. ಹೀಗೆ ಮಾಡಬಾರದಿತ್ತು, ಆಯಿ.

ಇನ್ನು ಮುಖ್ಯ ವಿಷಯ. ಶುಕ್ರವಾರ ಬೆಳಿಗ್ಗೆ ತೇಜೊ ನದಿಯ ದಂಡೆಯ ದೊಡ್ಡ ಚೌಕದಲ್ಲಿ, ನೀರಿಗಿಳಿಯುವ ಮೆಟ್ಟಿಲುಗಳ ಮೇಲೆ ಕುಳಿತು, ಮಂಗಳೂರಿನ ವೈದ್ಯರೊಡನೆ ಅರ್ಧ ಗಂಟೆ ಮಾತನಾಡಿದೆ. (1755ರ ನವೆಂಬರ್ 1ರ ಭೂಕಂಪದಲ್ಲಿ ಅರಮನೆಯೇ ನೆಲಸಮವಾಗಿ ಹೋದ ಜಾಗ ಅದು, ಜನ ಈಗಲೂ ಅದನ್ನು ಅರಮನೆಯ ಅಂಗಳವೆಂದೇ ಕರೆಯುತ್ತಾರೆ.) ಅವರು ಹೇಳಿದ್ದಿಷ್ಟು. ಸವೆದ ಎಲುಬಿನ ತುದಿಗಳನ್ನು ತೆಳ್ಳಗೆ ಕತ್ತರಿಸಿ, ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುತ್ತಾರೆ. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಇಂಥ ನೂರು ಮಂಡಿಗಳಲ್ಲಿ 80ಕ್ಕಿಂತ ಹೆಚ್ಚು 25 ವರ್ಷ ಬಾಳುತ್ತವೆ. ಯಾರದೋ ಕಾಲು ಮಡಚಲೇ ಬರಲಿಲ್ಲವೆಂದು ಕಮಲತ್ತೆ ಹೇಳಿದ್ದು ಸುಳ್ಳಲ್ಲದಿರಬಹುದು; ಆದರೆ ಮನೆಗೆ ಬಂದ ಮೇಲೆ ವ್ಯಾಯಾಮ ಬಿಟ್ಟವರಿಗೆ ಹಾಗಾಗುವುದೇ ಹೆಚ್ಚು. ಮೊದಲ ಮೂರು ತಿಂಗಳು ನೋವಿದ್ದರೂ ತಪ್ಪಿಸಬಾರದಂತೆ.

ಒಂದು ಮಾತನ್ನು ಮಾತ್ರ ನಾನು ಮುಚ್ಚಿಡುವುದಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಿನಲ್ಲಿ ಕೂರುವುದು ಇನ್ನು ಬೇಡವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ನೀನು ಹಿಂಜರಿಯುತ್ತಿರುವುದು ಹಣಕ್ಕಲ್ಲ, ಮದುವೆಗಲ್ಲ, ಇದಕ್ಕೇ ಎಂದು ನನಗೆ ಗೊತ್ತು. ಮೆಟ್ಟುಗತ್ತಿಯ ಮುಂದೆ ಕುಳಿತು ಹಲಸಿನಕಾಯಿ ಹೆಚ್ಚುವುದು, ದೇವರ ಮುಂದೆ ಮಣೆಯ ಮೇಲೆ ಕುಳಿತು ಹೂವು ಕಟ್ಟುವುದು, ಇವಿಲ್ಲದ ದಿನವನ್ನು ನೀನು ಊಹಿಸಲಾರೆ. ನನಗೂ ಆಗುವುದಿಲ್ಲ. ಆದರೆ ಈಗಲೂ ನೀನು ಕುಳಿತ ಮೇಲೆ ಏಳಲು ಶುಭಾಳ ಕೈ ಬೇಕಾಗಿದೆಯಲ್ಲ? ಮೆಟ್ಟುಗತ್ತಿಯನ್ನು ಕಟ್ಟೆಯ ಎತ್ತರಕ್ಕೆ ಕೂರಿಸುವಂತೆ ಆಚಾರಿಗೆ ಹೇಳಿ ಗಟ್ಟಿ ಹಲಗೆ ಮಾಡಿಸಲು ಗಪ್ಪಣ್ಣನಿಗೆ ಬರೆದಿದ್ದೇನೆ. ದೇವರ ಕೋಣೆಗೆ ಕೈಯಿರುವ ಕುರ್ಚಿ. ಬಚ್ಚಲಿನ ಪಕ್ಕದಲ್ಲಿ ಕಮೋಡ್ ಹಾಕಿಸುವ ಕೆಲಸ ಮಳೆ ಬಿಡುವು ಕೊಟ್ಟ ವಾರದಲ್ಲಿ ಮುಗಿಯಬೇಕು.

ಹಣದ ಬಗ್ಗೆ ಅಪ್ಪ ತಲೆಕೆಡಿಸಿಕೊಳ್ಳಬಾರದು. ಬರೀ ಕೃತಕ ಮಂಡಿಗೇ ಲಕ್ಷಗಟ್ಟಲೆ ಆಗುತ್ತದೆಂಬುದು ಹಳೆಯ ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿ, ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ಗೊತ್ತುಮಾಡಿತು. ಆಸ್ಪತ್ರೆಯ ಉಳಿದ ಖರ್ಚು ಬೇರೆ ಇದ್ದೇ ಇದೆ. ಅದಕ್ಕೆ ಬೇಕಾದದ್ದನ್ನು ಅಪ್ಪನ ಖಾತೆಗೆ ಗುರುವಾರವೇ ಹಾಕಿದ್ದೇನೆ. ಕೊಳೆರೋಗದಿಂದ ಅಡಿಕೆ ಎಷ್ಟು ಉದುರಿದರೂ ಈ ಹಣವನ್ನು ಬೇರೆ ಯಾವುದಕ್ಕೂ ಮುಟ್ಟಬಾರದು, ಶುಭಾಳ ಬಳೆಗೂ ಮುಟ್ಟಬಾರದು. ನನಗೆ ಇಲ್ಲಿ ಯಾವ ಕೊರತೆಯೂ ಇಲ್ಲ; ಉಳಿತಾಯ ಬೇಕಾದಷ್ಟಿದೆ, ಕೆಲಸ ಭದ್ರವಾಗಿದೆ, ಆರೋಗ್ಯ ಚೆನ್ನಾಗಿದೆ, ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದೇನೆ.

ಮತ್ತೆ ಇದನ್ನು ಕೊನೆಗೆಂದು ಉಳಿಸಿಕೊಂಡಿದ್ದೆ, ಮೊದಲೇ ಬರೆದಿದ್ದರೆ ನೀನು ಮುಂದೆ ಓದುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಜುಲೈ 22ರ ಬುಧವಾರ ಗೊತ್ತುಮಾಡಿ ವೈದ್ಯರಿಗೆ ಒಪ್ಪಿಗೆ ಹೇಳಿದ್ದೇನೆ. ಮೂರು ವಾರ ರಜೆ ಸಿಕ್ಕಿದೆ, ಟಿಕೆಟ್ ತೆಗೆದಾಗಿದೆ. ಆಷಾಢವೆಂದು ಆಕ್ಷೇಪಿಸಬೇಡ, ಶುಭಕಾರ್ಯಗಳಿಲ್ಲದ, ಕೊಯ್ಲಿಲ್ಲದ ತಿಂಗಳು ಅದೊಂದೇ. ಜುಲೈ 18ರ ಶನಿವಾರ ಬೆಂಗಳೂರಿನಲ್ಲಿ ಇಳಿದು ಅಂದೇ ರಾತ್ರಿಯ ಬಸ್ಸು ಹಿಡಿಯುತ್ತೇನೆ. ಅಲ್ಲಿಯ ತನಕ ತೋಟದ ಮೆಟ್ಟಿಲು ಇಳಿಯಬಾರದು, ಸೊಪ್ಪಿಗೂ ಇಳಿಯಬಾರದು, ದನಕ್ಕೆ ಹುಲ್ಲಿಗೂ ಇಳಿಯಬಾರದು. ಶುಭಾ ನೋಡಿಕೊಳ್ಳಬೇಕು.

ಗೆಳೆಯರು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ವಿಮಾನ ನಿಲ್ದಾಣದ ಮೆಟ್ರೋಕ್ಕೆ ಹೊತ್ತಾಯಿತು. ಅಂಚೆಚೀಟಿ ಹಚ್ಚಿ ದಾರಿಯಲ್ಲೇ ಹಾಕುತ್ತೇನೆ. ಮಂಜೆರಿಕೊ ಬೀಜ ಸಿಕ್ಕಿದೆ, ತರುತ್ತೇನೆ. ಅಪ್ಪ ಬಿಪಿ ಮಾತ್ರೆ ತಪ್ಪಿಸಬಾರದು. ಉತ್ತರ ಬೇಡ, ನಾನೇ ಫೋನು ಮಾಡುತ್ತೇನೆ; ಈ ಸಲ ಫೋನು ದಾಟಿಸಬೇಡ.

ನಿನ್ನ
ಮಾಣಿ