ಪಟ್ಟಿ ಹೋಗುವವರೆಗೆ ಸೀಟು ಬಿಡಬೇಡ

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿಮ್ಮ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದೆ ಎಂದು ನಿನ್ನಪ್ಪ ಫೋನ್ ಮಾಡಿದ್ದ. ಕೆಲಸ ಬಿಟ್ಟುಬಿಡಲಾ ಅಂತ ಕೇಳುತ್ತಿದ್ದೀಯಂತೆ. ಈಗಲೇ ಬೇಡ ಮಗಳೇ.

ಬೈಗುಳ ಬೀಳುತ್ತದೆ, ನಿಜ. ಸಿಕ್ಕಸಿಕ್ಕವರಿಗೆ ಸಾಲ ಕೊಟ್ಟವರು ಯಾರೋ, ಬೈಸಿಕೊಳ್ಳುವವರು ಕೌಂಟರಿನಲ್ಲಿ ಕೂತವರು. 2019ರ ಸೆಪ್ಟೆಂಬರಿನಲ್ಲಿ ಮುಂಬೈಯ ಪಿಎಂಸಿ ಬ್ಯಾಂಕಿನಲ್ಲಿ ಮೊದಲು ಖಾತೆಗೆ ಬರೀ 1,000 ರೂಪಾಯಿ ತೆಗೆಯಬಹುದು ಎಂದಾಗಲೂ ಜನರಿಗೆ ಮುಖ ಕೊಟ್ಟವರು ನಿನ್ನಂಥವರೇ. ಆಗ ಠೇವಣಿ ವಿಮೆ, ಅಂದರೆ ಬ್ಯಾಂಕ್ ಕೊಡಲಾಗದಿದ್ದರೆ ಠೇವಣಿದಾರರಿಗೆ ವಿಮಾ ನಿಗಮ ಕೊಡುವ ಹಣ, 1 ಲಕ್ಷಕ್ಕಷ್ಟೇ ಇತ್ತು. 2020ರ ಫೆಬ್ರವರಿಯಿಂದ ಅದು 5 ಲಕ್ಷ. 2021ರಲ್ಲಿ ಆ ವಿಮೆಯ ಕಾನೂನಿಗೆ ತಿದ್ದುಪಡಿ ಆದಮೇಲೆ, ನಿರ್ಬಂಧ ಬಿದ್ದ 90 ದಿನದೊಳಗೆ ಆ ಹಣ ಸಾಮಾನ್ಯವಾಗಿ ಜನರ ಕೈಸೇರಬೇಕು. ಆದರೆ ಮೊದಲ 45 ದಿನದಲ್ಲಿ ಠೇವಣಿದಾರರ ಪಟ್ಟಿ ನಿಮ್ಮ ಬ್ಯಾಂಕಿನಿಂದಲೇ ವಿಮಾ ನಿಗಮಕ್ಕೆ ಹೋಗಬೇಕು.

ಹಾಗಾಗಿ ವಿಮೆ ಹಣ ಬೇಕು ಅಂತ ಠೇವಣಿದಾರರು ಬರೆದುಕೊಟ್ಟ, ನಿನ್ನ ಮೇಜಿನ ಮೇಲಿರುವ ಒಪ್ಪಿಗೆ ಪತ್ರಗಳೇ ಈಗ ದೊಡ್ಡ ಕೆಲಸ. ಹಣ ಹೋಗಬೇಕಾದ ಬೇರೆ ಬ್ಯಾಂಕಿನ ಖಾತೆ ನಂಬರು, ಐಎಫ್‌ಎಸ್‌ಸಿ, ಹೆಸರು, ಒಂದೊಂದನ್ನೂ ಪಾಸ್‌ಬುಕ್ ಪಕ್ಕ ಇಟ್ಟು ನೋಡು. ಪಾಸ್‌ಬುಕ್ಕಿನಲ್ಲಿ ಲಕ್ಷ್ಮಮ್ಮ, ಆಧಾರಿನಲ್ಲಿ ಲಕ್ಷ್ಮೀದೇವಮ್ಮ ಅಂತಿದ್ದರೆ ಅವರು ಎದುರಿಗಿದ್ದಾಗಲೇ ಸರಿ ಮಾಡಿಸು. ಆ ಅಜ್ಜಿಯನ್ನು ಸುಮ್ನೆ ಎರಡು ಸಲ ಅಲೆಸಬೇಡ.

"ನಿಮ್ಮ ದುಡ್ಡಿಗೆ ಏನೂ ಆಗಲ್ಲ" ಎಂದು ಸಮಾಧಾನಕ್ಕೂ ಹೇಳಬೇಡ. ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ. ಎರಡು ಶಾಖೆಯಲ್ಲಿ ಇಟ್ಟಿದ್ದರೂ ಒಬ್ಬರ ಹೆಸರಿಗೆ ಒಟ್ಟು ಅಷ್ಟೇ. ಮಿಕ್ಕಿದ್ದು ಸಾಲ ಎಷ್ಟು ವಸೂಲಾಗುತ್ತದೆ ಅನ್ನುವುದರ ಮೇಲಿದೆ. ಪಿಂಚಣಿ ದುಡ್ಡೆಲ್ಲ ಇಟ್ಟ ಮೇಷ್ಟ್ರಿಗೆ ಇದನ್ನು ಹೇಳುವಾಗ ಗಂಟಲು ಕಟ್ಟುತ್ತದೆ. ಕೂರಿಸಿ, ನೀರು ಕೊಟ್ಟು, ಇದ್ದದ್ದನ್ನೇ ಹೇಳು.

ಇನ್ನೊಂದು ಮಾತು ತುಂಬಾ ಮುಖ್ಯ. ಮೇಲಿನವರು ಯಾರಾದರೂ ಬಂದು ಒಂದೊಂದು ಹೆಸರಿಗೂ ವಿಮೆ ಸಿಗಲಿ ಅಂತ "ಈ ದೊಡ್ಡ ಎಫ್‌ಡಿ ಒಡೆದು ಮನೆಯವರ ಹೆಸರಿಗೆ ನಾಲ್ಕು ಮಾಡು, ಹಳೇ ತಾರೀಖು ಹಾಕು" ಅಂದರೆ ಮಾಡಲೇಬೇಡ. "ಬರೆದು ಕೊಡಿ ಸಾರ್" ಅನ್ನು. ನಿನ್ನ ಪಾಸ್‌ವರ್ಡನ್ನೂ ಯಾರಿಗೂ ಕೊಡಬೇಡ. 2016ರಲ್ಲಿ ನೋಟು ಬಂದ್ ಆದಾಗ ರಶ್ ಜಾಸ್ತಿ ಅಂತ ಒಬ್ಬರ ಐಡಿಯಲ್ಲಿ ಇನ್ನೊಬ್ಬರು ಎಂಟ್ರಿ ಹಾಕಿದ್ದನ್ನು ಕಂಡಿದ್ದೇನೆ. ಆಮೇಲೆ ವಿಚಾರಣೆಗೆ ನಿಂತವರು ಐಡಿ ಇದ್ದವರು.

ಸಂಬಳದ ಚಿಂತೆ ಬೇಡ. ಸಿಬ್ಬಂದಿ ಸಂಬಳ, ಬಾಡಿಗೆ, ಕರೆಂಟ್ ಬಿಲ್ಲಿಗೆ ನಿರ್ಬಂಧದಲ್ಲೂ ಸಾಮಾನ್ಯವಾಗಿ ಅವಕಾಶ ಇರುತ್ತದೆ. ಬೇರೆ ಕಡೆ ಅರ್ಜಿ ಹಾಕು, ಐಬಿಪಿಎಸ್ ಬ್ಯಾಂಕ್ ನೇಮಕಾತಿ ಪರೀಕ್ಷೆಗೂ ಓದು. ಆದರೆ ಆ ಪಟ್ಟಿ ಹೋಗುವವರೆಗೆ ಅಲ್ಲೇ ಇರು. ಮಧ್ಯಾಹ್ನದ ಊಟ ಮಾತ್ರ ತಪ್ಪಿಸಬೇಡ.

ಇಂತಿ,
ನಿನ್ನ ದೊಡ್ಡಪ್ಪ