ಮಗಳಿಗೊಂದು ಪತ್ರ: ನೋಟಿನ ನಂಬರ್ ನೋಡೋದು ಹೇಗೆ

ಪ್ರೀತಿಯ ಪುಟ್ಟಿ,

ನನ್ನ ಗೆಳತಿ ಹತ್ತಿರ ಇರೋ 786 ನಂಬರಿನ ನೋಟಿಗೆ ಯಾರೋ ಲಕ್ಷಗಟ್ಟಲೆ ಕೊಡ್ತಾರಂತೆ, ನಿಜವಾ ಅಪ್ಪಾ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಅಂಗಡಿ ತುಂಬ ಗಿರಾಕಿಗಳಿದ್ದರು, ನೆಟ್ಟಗೆ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಹಾಕು. ನಮ್ಮ ನೋಟಿನಲ್ಲಿ ಮುಂದೆ ಅಂಕಿ-ಅಕ್ಷರ ಸೇರಿದ ಸೀರೀಸ್, ಆಮೇಲೆ ಆರು ಅಂಕಿ. ಸಾಲಾಗಿ ಸಾವಿರ ನೋಟು, ಅಂದರೆ ಹತ್ತು ಕಟ್ಟು ತೆಗೆದುಕೊಂಡರೆ 786ಕ್ಕೆ ಮುಗಿಯುವ ನೋಟು ಅದರಲ್ಲಿ ಒಂದು ಇದ್ದೇ ಇರುತ್ತದೆ. ಮುಸ್ಲಿಮರಲ್ಲಿ ಬಹಳ ಜನ ಅದನ್ನು ಬಿಸ್ಮಿಲ್ಲಾದ ಸಂಖ್ಯೆ ಅಂತ ಖರ್ಚು ಮಾಡದೆ ಇಟ್ಟುಕೊಳ್ಳುತ್ತಾರೆ. ಗಲ್ಲಾಕ್ಕೆ ಬಂದರೆ ನಾನೂ ತೆಗೆದಿಟ್ಟು, ಕೇಳಿದವರಿಗೆ ನೋಟಿನ ಮುಖಬೆಲೆಗೇ ಕೊಡುತ್ತೇನೆ. ಲಕ್ಷ ಕೊಡ್ತೀವಿ ಅನ್ನುವವರು ಮೊದಲು ಫೀಸು ಕಟ್ಟಿಸಿಕೊಳ್ಳುತ್ತಾರೆ, ಆಮೇಲೆ ಕಮಿಷನ್ ಅನ್ನುತ್ತಾರೆ, ರಿಸರ್ವ್ ಬ್ಯಾಂಕ್ ಹೆಸರನ್ನೂ ಎಳೆದು ತರುತ್ತಾರೆ. ಇಂಥ ವ್ಯವಹಾರದಲ್ಲಿ ನಾವಿಲ್ಲ, ಯಾವ ಕಮಿಷನ್ನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಅಂಥವರಿಗೆ ಒಂದು ರೂಪಾಯಿ ಕೂಡ ಕಳಿಸಬೇಡ ಅಂತ ನಿನ್ನ ಗೆಳತಿಗೆ ಇವತ್ತೇ ಹೇಳು.

ನಿಜವಾಗಿ ಸಿಗದೇ ಇರುವುದು ಬೇರೆ. 111111, 222222 ಹೀಗೆ ಒಂದೇ ಅಂಕಿಯ ನೋಟು ಹತ್ತು ಲಕ್ಷದಲ್ಲಿ ಒಂಬತ್ತೇ. ಸಂಗ್ರಹಕಾರರು ಇದಕ್ಕೆ ಸಾಲಿಡ್ ಅನ್ನುತ್ತಾರೆ. 123456 ಅಂತೂ ಒಂದು ಸೀರೀಸ್‌ಗೆ ಒಂದೇ. ಹಿಂದೆ ಮುಂದೆ ಹೇಗೆ ಓದಿದರೂ ಒಂದೇ ಆಗಿರುವುದು ರಾಡಾರ್. ಅದು 786ರ ಹಾಗೆ ಸಾವಿರಕ್ಕೊಂದು ಸಿಗುತ್ತದೆ, ಆದರೂ ನನಗೆ ಅದೇ ಇಷ್ಟ. ಈಗ ನನ್ನೆದುರಿಗೆ 50 ರೂಪಾಯಿಯ ಒಂದು ನೋಟಿದೆ, ಹಿಂದೆ ಹಂಪಿಯ ಕಲ್ಲಿನ ರಥ ಇರುವ ನೀಲಿ ನೋಟು. ನಂಬರ್ 358853. ಹೊಸ ನೋಟುಗಳಲ್ಲಿ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತಾ ಹೋಗುತ್ತವೆ ನೋಡು. ಎಡಗಡೆಯ 3 ಚಿಕ್ಕದು, ಬಲಗಡೆಯ 3 ದಪ್ಪ. ಅದಕ್ಕೇ ಸುಮ್ನೆ ಕಣ್ಣಾಡಿಸಿದರೆ ಗೊತ್ತಾಗುವುದಿಲ್ಲ, ಒಂದೊಂದೇ ಅಂಕಿ ಓದಬೇಕು.

ಸೀರೀಸ್‌ಗೂ ನಂಬರಿಗೂ ನಡುವೆ ನಕ್ಷತ್ರ ಇರುವ ನೋಟೂ ಬರುತ್ತೆ. ಅದು ಖೋಟಾ ಅಲ್ಲ. ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸುವ ನೋಟು ಅದು. 2006ರಲ್ಲಿ 10, 20, 50ರ ನೋಟುಗಳಲ್ಲಿ ಶುರುವಾಯಿತು. ಈಗಲೂ ಕೆಲವು ಗಿರಾಕಿಗಳು ಅನುಮಾನಪಟ್ಟು ವಾಪಸ್ ಕೊಡುತ್ತಾರೆ, ನಾನು ಖುಷಿಯಿಂದ ತೆಗೆದುಕೊಳ್ಳುತ್ತೇನೆ.

ನಂಬರ್ ಎಷ್ಟೇ ಚೆನ್ನಾಗಿದ್ದರೂ ನೋಟು ಮಡಿಸಿದ್ದರೆ ಬೆಲೆ ಇಳಿಯುತ್ತದೆ. ಹಳೇ ನೋಟುಗಳನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಸಣ್ಣ ತೂತುಗಳು ಕಾಣುತ್ತವೆ. ಆಗ ಕಟ್ಟಿಗೆ ಸ್ಟೇಪಲ್ ಹೊಡೆಯುತ್ತಿದ್ದರು. 2001ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಲು ಹೇಳಿತು. ನಿಮ್ಮಜ್ಜಿ ಪೆಟ್ಟಿಗೆಯಲ್ಲಿಟ್ಟಿದ್ದ ಗರಿಗರಿ ನೋಟುಗಳಲ್ಲೂ ಆ ತೂತುಗಳಿವೆ.

ಇನ್ನೊಂದು ವಿಷಯ, ಇದು ಕಾನೂನಿನದು. ರದ್ದಾದ 500, 1000ರ ನೋಟುಗಳನ್ನು ಯಾರಾದರೂ ಫ್ಯಾನ್ಸಿ ನಂಬರ್ ಅಂತ ಕೊಡಲು ಬಂದರೆ ರಾಶಿ ಹಾಕಿಕೊಳ್ಳಬೇಡ. 2017ರ ಕಾಯ್ದೆ ಪ್ರಕಾರ ಒಟ್ಟು 10ಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಅಧ್ಯಯನಕ್ಕೋ ಸಂಗ್ರಹಕ್ಕೋ ಆದರೆ 25ರವರೆಗೆ.

ನಾನು ಈಗ ಹುಡುಕುತ್ತಿರುವುದು ನಿನ್ನ ಹುಟ್ಟಿದ ದಿನದ ನೋಟು. ದಿನ, ತಿಂಗಳು, ವರ್ಷದ ಕೊನೆಯ ಎರಡಂಕಿ, ಇದೇ ಸಾಲಿನಲ್ಲಿ. ಒಂದು ಸೀರೀಸ್‌ನಲ್ಲಿ ಅಂಥದ್ದು ಒಂದೇ ಇರುತ್ತೆ, ಆದರೆ ಸೀರೀಸ್‌ಗಳು ಬೇಕಾದಷ್ಟಿವೆ. ನಿನ್ನ ಅಮ್ಮನದು ಹಾಗೇ ಚಿಲ್ಲರೆಯಲ್ಲಿ ಸಿಕ್ಕಿತ್ತು. ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ ನೋಟು ಕೊಟ್ಟಾಗ ನೀನೂ ಒಂದು ಸಲ ನಂಬರ್ ಓದಿ ಪರ್ಸಿಗೆ ಹಾಕು. ಸಿಕ್ಕರೆ ಮಡಿಸಬೇಡ, ದಪ್ಪ ಪುಸ್ತಕದ ನಡುವೆ ಇಟ್ಟುಕೊಂಡು ಹಬ್ಬಕ್ಕೆ ಬರುವಾಗ ತಾ. ಅದು ಮಾರೋಕಲ್ಲ, ನಮ್ಮ ಮನೆಗೆ.

ಊಟ ತಪ್ಪಿಸಬೇಡ.

ನಿನ್ನ ಅಪ್ಪ