ಒತ್ತಡ ಏರಿಸುವ ಮುನ್ನ

ಮಗಳೇ,

ದೊಡ್ಡಪ್ಪನ ಆಶೀರ್ವಾದಗಳು. ಒತ್ತಡದಲ್ಲಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಗಿಡದ ಸಾರ ತೆಗೆಯುವ ಸೂಪರ್‌ಕ್ರಿಟಿಕಲ್ ಯಂತ್ರದಲ್ಲಿ ಕೆಲಸ ಶುರುಮಾಡಿದ್ದೀಯ, ಮೊದಲ ಸಲವೇ ಸಾರದ ತೂಕ ಚೆನ್ನಾಗಿ ಬಂತು ಅಂತ ಬರೆದಿದ್ದೀಯ. ಸಂತೋಷವಾಯಿತು. ಆದರೆ ಆ ತೂಕದ ಮಾತು ಮನಸ್ಸಿನಲ್ಲೇ ಉಳಿದುಬಿಟ್ಟಿತು.

ನಾನೂ ತೂಕದ ಬೆನ್ನು ಹತ್ತಿದವನೇ. ಒಮ್ಮೆ ಒಣ ಎಲೆಯ ಪುಡಿ ತುಂಬಿ ಒತ್ತಡವನ್ನು 350 ಬಾರ್‌ಗೆ ಏರಿಸಿದೆ. ಸೀಸೆ ತುಂಬ ಬಂತು. ಮರುದಿನ ನೋಡಿದರೆ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿದೆ. ಬೆರಳಿಗೆ ಅಂಟಿದ್ದು ಎಲೆಯ ಮೈಮೇಲಿನ ಮೇಣ! ನನಗೆ ಬೇಕಿದ್ದ ಸುಗಂಧ ತೈಲ 100 ಬಾರ್ ಆಸುಪಾಸಿನಲ್ಲೇ ಬರುತ್ತಿತ್ತು. ಇಂಗಾಲದ ಡೈಆಕ್ಸೈಡ್ 31 ಡಿಗ್ರಿ, 74 ಬಾರ್ ದಾಟಿದ ಮೇಲೆ ಅನಿಲದಂತೆ ಸಂದುಗೊಂದಿಗೆಲ್ಲ ನುಗ್ಗುತ್ತದೆ, ದ್ರವದಂತೆ ಕರಗಿಸುತ್ತದೆ. ಒತ್ತಡ ಏರಿದಂತೆ ಅದರ ಹಸಿವೂ ಏರುತ್ತದೆ. ಬೇಕಾದ್ದು, ಬೇಡದ್ದು ಎರಡನ್ನೂ ಹೊತ್ತು ತರುತ್ತದೆ.

ಅದಕ್ಕೇ ಹೇಳುತ್ತೇನೆ, ಮೊದಲು ನಿನಗೆ ಬೇಕಾದ ಅಣುವಿನ ಸ್ವಭಾವ ತಿಳಿದುಕೋ. ಅರಿಶಿನವನ್ನೇ ತಗೋ. ಅದರ ಸುವಾಸನೆಯ ಎಣ್ಣೆಯಲ್ಲಿರುವ ಟರ್ಮೆರೋನ್ ಸಲೀಸಾಗಿ ಬರುತ್ತದೆ, ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಮಾತ್ರ ಜಪ್ಪಯ್ಯ ಅಂದರೂ ಹೆಚ್ಚು ಬರುವುದಿಲ್ಲ. ಅಂಥ ಕಡೆ ಸ್ವಲ್ಪ ಎಥನಾಲ್ ಬೆರೆಸಬೇಕು, ಇಲ್ಲವೇ ಬೇರೆ ವಿಧಾನ ಹಿಡಿಯಬೇಕು. ನಮ್ಮ ಈ ಅನಿಲದ ವಿಧಾನ ಎಲ್ಲಿ ಗೆಲ್ಲುತ್ತದೆ ಅನ್ನುವುದಕ್ಕೆ ನನಗೆ ಬಹಳ ಪ್ರಿಯವಾದ ಉದಾಹರಣೆ ಕ್ಯಾಮೊಮೈಲ್ ಹೂವು. ಹಬೆಯಲ್ಲಿ ಬಟ್ಟಿ ಇಳಿಸಿದರೆ ಅದರ ತೈಲ ಕಡು ನೀಲಿ. ಹೂವಿನಲ್ಲಿ ಆ ನೀಲಿ ಇರುವುದೇ ಇಲ್ಲ! ಅಲ್ಲಿರುವುದು ಬಣ್ಣವಿಲ್ಲದ ಮ್ಯಾಟ್ರಿಸಿನ್. ಹಬೆಯ ಕಾವಿಗೆ ಅದು ಒಡೆದು ನೀಲಿ ಬಣ್ಣದ ಕ್ಯಾಮಜುಲೀನ್ ಆಗುತ್ತದೆ. 40 ಡಿಗ್ರಿಯ ಆಸುಪಾಸಿನಲ್ಲಿ ನಮ್ಮ ಅನಿಲ ಹಾಯಿಸಿದರೆ ಮ್ಯಾಟ್ರಿಸಿನ್ ಮ್ಯಾಟ್ರಿಸಿನ್ ಆಗಿಯೇ ಕೈಗೆ ಸಿಗುತ್ತದೆ. ಗಿಡದಲ್ಲಿದ್ದದ್ದು ಇದ್ದಂತೆಯೇ ಬಂತಲ್ಲ, ನನಗೆ ಅದು ತೂಕಕ್ಕಿಂತ ದೊಡ್ಡದು.

ಪುಡಿ ತೀರಾ ನುಣ್ಣಗೆ ಮಾಡಬೇಡ. ಗಟ್ಟಿಯಾಗಿ ಕೂತುಬಿಟ್ಟರೆ ಅನಿಲ ಒಂದೆರಡು ಕಡೆ ದಾರಿ ಕೊರೆದುಕೊಂಡು ಹೋಗುತ್ತದೆ, ಉಳಿದ ಪುಡಿ ಹಾಗೇ ಉಳಿಯುತ್ತದೆ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ. ಅನಿಲ ಹೊರಬಿಡುವಾಗ ವಾಲ್ವ್ ತಣ್ಣಗಾಗಿ ಒಳಗೆ ಡ್ರೈ ಐಸ್, ಅಂದರೆ ಅದೇ ಅನಿಲದ ಗಡ್ಡೆ, ಕಟ್ಟಿಕೊಳ್ಳುತ್ತದೆ. ಹರಿವು ನಿಂತಿತು, ಒತ್ತಡ ಇಳಿಯಿತು ಅಂದುಕೊಂಡು ಮುಚ್ಚಳಕ್ಕೆ ಕೈ ಹಾಕೀಯೆ! ಪುಡಿ ತುಂಬಿದ ಪಾತ್ರೆಯ ಒತ್ತಡದ ಗೇಜ್ ಸೊನ್ನೆಗೆ ಬಂದಿದೆಯೇ ನೋಡು. ಸೋರಿದ ಅನಿಲಕ್ಕೆ ವಾಸನೆಯಿಲ್ಲ, ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಕೋಣೆಗೆ ಗಾಳಿಯಾಡುತ್ತಿರಲಿ.

ನಿನ್ನ ಆ ಮೊದಲ ಸಾರದ ಸೀಸೆಯನ್ನು ಎಸೆಯದೆ ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು, ತಳದಲ್ಲಿ ಏನು ಕೂತಿದೆ ಅಂತ ನನಗೆ ಬರೆ.

ನಿನ್ನ ದೊಡ್ಡಪ್ಪ